ಚಿನ್ನದ ರೇಕಿನ ಕಸದಿಂದ ಚಿನ್ನ: ಎಷ್ಟು ಸಿಗುತ್ತೆ, ಎಲ್ಲಿ ಕೈ ಸುಡುತ್ತೆ

ಬೆಂಗಳೂರು: ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟ್‌ನಲ್ಲಿ ಕೂತು ಕೆಲಸ ಮಾಡುವ ಅಕ್ಕಸಾಲಿಗರು ನೆಲ ಗುಡಿಸಿದ ಧೂಳನ್ನೂ ಬಿಸಾಡುವುದಿಲ್ಲ. ಕೈ ತೊಳೆದ ನೀರು, ಮೇಜಿನ ಮೇಲೆ ಹಾಸಿದ ಬಟ್ಟೆ, ಹಳೇ ಪೊರಕೆ ಎಲ್ಲವನ್ನೂ ಕೂಡಿಡುತ್ತಾರೆ. ಅದರಲ್ಲಿ ಚಿನ್ನ ಇದೆ ಅಂತ ಅವರಿಗೆ ಗೊತ್ತು. ಆದರೆ ಫೋಟೋ ಫ್ರೇಮ್‌ಗೆ, ತಂಜಾವೂರು ಅಥವಾ ಮೈಸೂರು ಶೈಲಿಯ ಚಿತ್ರಕ್ಕೆ, ದೇವರ ಪ್ರಭಾವಳಿಗೆ ಚಿನ್ನದ ರೇಕು ಅಂಟಿಸುವ ಕಡೆ ನೋಡಿದರೆ, ಕೆಲಸ ಮುಗಿದ ಮೇಲೆ ಉಳಿದ ಚೂರುಗಳನ್ನು ಬ್ರಷ್‌ನಿಂದ ಒರೆಸಿ, ಫೂ ಅಂತ ಊದಿ, ಕಸದ ಬುಟ್ಟಿಗೆ ಹಾಕುವುದೇ ಹೆಚ್ಚು. ಮನೆಯಲ್ಲೇ ಚಿತ್ರಕಲೆ ಕಲಿತು ಮಾರುವ ಹೆಣ್ಣುಮಕ್ಕಳ ಮೇಜಿನಲ್ಲೂ ಇದೇ ಕಥೆ.

ಆ ಚೂರಿನಲ್ಲಿ ನಿಜವಾಗಿ ಎಷ್ಟು ಚಿನ್ನ ಇರುತ್ತೆ, ಅದನ್ನು ಹೇಗೆ ತೆಗೆಯುತ್ತಾರೆ, ಯಾರ ಕೈಗೆ ಕೊಟ್ಟರೆ ಮೋಸ ಹೋಗುವುದಿಲ್ಲ ಎಂಬುದರ ವಿವರ ಇಲ್ಲಿದೆ. ಯೂಟ್ಯೂಬ್ ವಿಡಿಯೋ ನೋಡಿ ಮನೆಯ ಬಾಲ್ಕನಿಯಲ್ಲಿ ಆಸಿಡ್ ಸುರಿಯಲು ಹೊರಟವರು ಪೂರ್ತಿ ಓದಬೇಕು.

ಮೊದಲು ಲೆಕ್ಕ

ಚಿನ್ನದ ರೇಕು ಅಂದರೆ ಬಡಿದು ಬಡಿದು ತೆಳುವಾಗಿಸಿದ ಚಿನ್ನ. ಒಳ್ಳೆಯ ರೇಕಿನ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು, ಅಂದರೆ 0.1 ಮೈಕ್ರಾನ್ ಆಸುಪಾಸು. 8 ಸೆಂ.ಮೀ. ಅಗಲ, 8 ಸೆಂ.ಮೀ. ಉದ್ದದ ಒಂದು ರೇಕನ್ನು ತೆಗೆದುಕೊಂಡರೆ ಅದರ ತೂಕ ಸುಮಾರು 12 ಮಿಲಿಗ್ರಾಂ. ಇಪ್ಪತ್ತೈದು ರೇಕಿನ ಒಂದು ಪುಸ್ತಕದಲ್ಲಿ ಇರುವ ಚಿನ್ನ 0.3 ಗ್ರಾಂ. ಎಂಬತ್ತು ರೇಕು ಸೇರಿದರೆ ಒಂದು ಗ್ರಾಂ.

ಈಗ ಕೆಲಸದಲ್ಲಿ ಮೂರನೇ ಒಂದು ಪಾಲು ಚೂರಾಗಿ ಹೋಗುತ್ತೆ ಅಂತ ಇಟ್ಟುಕೊಳ್ಳಿ. ಹತ್ತು ಪುಸ್ತಕ ಖರ್ಚಾದಾಗ ಕೂಡಿದ ಕಸದಲ್ಲಿ ಒಂದು ಗ್ರಾಂ ಚಿನ್ನ. ವರ್ಷಕ್ಕೆ ಎರಡು ಪುಸ್ತಕ ಬಳಸುವ ಮನೆಗೆ ಇದು ಐದು ವರ್ಷದ ಕಥೆ. ತಿಂಗಳಿಗೆ ಹತ್ತು ಪುಸ್ತಕ ಖಾಲಿ ಮಾಡುವ ಅಂಗಡಿಗೆ ಅದೇ ಒಂದು ಗ್ರಾಂ ತಿಂಗಳಿಗೇ ಬಂತು. ಹಾಗಾಗಿ ಕೂಡಿಡುವುದು ಎಲ್ಲರಿಗೂ ಲಾಭವೇ. ಸಂಸ್ಕರಣೆಗೆ ಕೊಡುವುದು ಮಾತ್ರ ಸಾಕಷ್ಟು ಕೂಡಿದ ಮೇಲೆ. ಚೂರು ಕೂಡಿದ ಹಾಗೆಲ್ಲ ಓಡಿದರೆ ಕೂಲಿಯೇ ಚಿನ್ನಕ್ಕಿಂತ ಜಾಸ್ತಿಯಾಗುತ್ತೆ.

ಅದು ಚಿನ್ನವೇ ಹೌದಾ?

ಇಲ್ಲೇ ಎಡವುವವರು ಬಹಳ. ಕ್ರಾಫ್ಟ್ ಸಾಮಾನಿನ ಅಂಗಡಿಗಳಲ್ಲಿ ‘ಗೋಲ್ಡ್ ಲೀಫ್’ ಹೆಸರಲ್ಲಿ ಅಗ್ಗಕ್ಕೆ ಸಿಗುವ ಹಾಳೆ ಹಿತ್ತಾಳೆಯದು: ತಾಮ್ರ, ಸತು ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಅದರ ಮೂಟೆ ಕೂಡಿಟ್ಟರೂ ಗುಜರಿ ಬೆಲೆ ಅಷ್ಟೇ.

ಗುರುತು ಹಿಡಿಯುವುದು ಕಷ್ಟವಲ್ಲ. ಅಸಲಿ ರೇಕನ್ನು ಬೆರಳುಗಳ ನಡುವೆ ತಿಕ್ಕಿದರೆ ಮಾಯವಾಗಿ ಚರ್ಮಕ್ಕೇ ಹತ್ತಿಕೊಳ್ಳುತ್ತೆ. ಹಿತ್ತಾಳೆ ಹಾಳೆ ಪುಡಿಪುಡಿಯಾಗಿ ಉದುರುತ್ತೆ. ಅಸಲಿಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆಳಕು ಹಸಿರಾಗಿ ಕಾಣುತ್ತೆ. ನಕಲಿ ಹಾಳೆ ಸಾಮಾನ್ಯವಾಗಿ ದೊಡ್ಡದು, 14 ಸೆಂ.ಮೀ. ಚೌಕ, ಮೇಲೆ ವಾರ್ನಿಶ್ ಬಳಿಯದಿದ್ದರೆ ಕೆಲವು ತಿಂಗಳಲ್ಲೇ ಕಪ್ಪಾಗುತ್ತೆ.

ತಂಜಾವೂರು ಚಿತ್ರಕ್ಕೆ ಬಳಸುವ ಹಾಳೆ ಮೈಸೂರು ಚಿತ್ರದ ರೇಕಿಗಿಂತ ದಪ್ಪ. 22 ಕ್ಯಾರೆಟ್ ಅಂತ ಮಾರುವುದುಂಟು, ಕೆಲವು ಬೆಳ್ಳಿ ಹಾಳೆಯ ಮೇಲೆ ಚಿನ್ನದ ಲೇಪ ಇರುವಂಥವು. ಎರಡರಲ್ಲೂ ಹೊಳಪು ಒಂದೇ, ಒಳಗಿನ ಚಿನ್ನ ಬೇರೆ ಬೇರೆ. ಆದ್ದರಿಂದ ಕೊಳ್ಳುವಾಗಲೇ ಬಿಲ್‌ನಲ್ಲಿ ಕ್ಯಾರೆಟ್ ಬರೆಸಿಕೊಳ್ಳಿ, ಒಂದೊಂದು ಬಗೆಯ ಕಸಕ್ಕೂ ಒಂದೊಂದು ಡಬ್ಬಿ ಇಡಿ. ಹಿತ್ತಾಳೆ ಚೂರು ಚಿನ್ನದ ಡಬ್ಬಿಗೆ ಬಿತ್ತು ಅಂದರೆ ಚಿನ್ನ ಕಳೆದುಹೋಗುವುದಿಲ್ಲ, ಆದರೆ ತೆಗೆಯುವ ಖರ್ಚು ಏರುತ್ತೆ.

ಕೂಡಿಡುವ ರೀತಿ

ಮೇಜಿನ ಮೇಲೆ ನುಣುಪಾದ ಬಿಳಿ ಕಾಗದ ಹಾಸಿ. ಫ್ಯಾನ್ ಆರಿಸಿ. ಅಂಟಿಸಿದ ಮೇಲೆ ಒರೆಸಿದ ಹತ್ತಿ, ಕೂದಲು ಉದುರಿದ ಬ್ರಷ್, ರೇಕಿನ ನಡುವಿನ ಕಾಗದ ಎಲ್ಲವೂ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ. ಪ್ಲಾಸ್ಟಿಕ್ ಡಬ್ಬಿ ಬೇಡ, ಚೂರು ಗೋಡೆಗೆ ಅಂಟಿಕೊಂಡು ಕೊನೆಗೂ ಬಿಡುವುದಿಲ್ಲ. ಹಳೇ ಫ್ರೇಮ್ ಕೆರೆಯುವಾಗ ಬರುವ ಪುಡಿಯನ್ನು ಬೇರೆ ಇಡಿ. ಅದರಲ್ಲಿ ಸುಣ್ಣ, ಗೋಂದು, ಬಣ್ಣವೇ ಹೆಚ್ಚು.

ಆ ಹಳೇ ಪುಡಿಯ ಬಗ್ಗೆ ಒಂದು ಎಚ್ಚರಿಕೆ. ಮೈಸೂರು ಶೈಲಿಯ ಹಳೆಯ ಚಿತ್ರಗಳಲ್ಲಿ ಉಬ್ಬು ಕೆಲಸಕ್ಕೆ ಬಳಸುತ್ತಿದ್ದ ಲೇಪದಲ್ಲಿ ಸೀಸದ ಬಿಳಿ ಪುಡಿ ಸೇರುತ್ತಿತ್ತು. ಅದನ್ನು ಸುಟ್ಟರೆ, ಒಣಗಿಸಿ ಕೆರೆದರೆ ಸೀಸ ಉಸಿರಿನಲ್ಲಿ ಒಳಗೆ ಹೋಗುತ್ತೆ. ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಇನ್ನು ನಿಜಕ್ಕೂ ಹಳೆಯ ಚಿತ್ರವಾಗಿದ್ದರೆ ಅದರ ಮೇಲಿನ ಮಿಲಿಗ್ರಾಂ ಚಿನ್ನಕ್ಕಿಂತ ಚಿತ್ರದ ಬೆಲೆಯೇ ದೊಡ್ಡದು. ಕೆರೆಯುವ ಮೊದಲು ತಿಳಿದವರಿಗೆ ತೋರಿಸಿ.

ಜಲಗಾರರಿಂದ ಕೋಲಾರದವರೆಗೆ

ಕಸದಿಂದ ಚಿನ್ನ ತೆಗೆಯುವುದು ಹೊಸ ವಿದ್ಯೆಯೇನಲ್ಲ. ಈಗ ‘ಜಲಗಾರ’ ಅಂದರೆ ಬೀದಿ ಗುಡಿಸುವವ ಎಂಬ ಅರ್ಥವೇ ನೆನಪಾಗುತ್ತೆ, ಕುವೆಂಪು ನಾಟಕದ ಹೆಸರೂ ಅದೇ. ಆದರೆ ಧಾರವಾಡ, ಗದಗ ಸೀಮೆಯಲ್ಲಿ ಜಲಗಾರರು ಅಂದರೆ ಅಕ್ಕಸಾಲಿಗರ ಅಂಗಡಿಯ ಬೂದಿ, ಧೂಳು ಕೊಂಡು ನೀರಿನಲ್ಲಿ ಜಾಲಿಸಿ ಚಿನ್ನ ತೆಗೆಯುತ್ತಿದ್ದವರು. ಕಪ್ಪತಗುಡ್ಡದ ಕಡೆಯ ಹಳ್ಳಗಳ ಮರಳನ್ನೂ ಅವರು ಜಾಲಿಸುತ್ತಿದ್ದರು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮಣ್ಣು ಎರಡೂವರೆ ಪಟ್ಟು. ಅಲ್ಲಾಡಿಸಿದರೆ ಮಣ್ಣು ತೇಲಿ ಹೋಗುತ್ತೆ, ಚಿನ್ನ ತಳದಲ್ಲೇ ಕೂರುತ್ತೆ. ನಗರ್ತಪೇಟೆ, ಅವೆನ್ಯೂ ರಸ್ತೆ ಕಡೆ ಬೆಳಗಿನ ಜಾವ ಚಿನ್ನದಂಗಡಿಗಳ ಮುಂದಿನ ಧೂಳು ಗುಡಿಸಿಕೊಂಡು ಹೋಗುವವರು ಮಾಡುವುದೂ ಇದನ್ನೇ.

ರೇಕಿನ ಕಸಕ್ಕೆ ಮಾತ್ರ ಈ ಜಾಲಿಸುವ ವಿದ್ಯೆ ಕೈಕೊಡುತ್ತೆ. ಅರದ ಪುಡಿ ಕಾಳಿನ ಹಾಗೆ ಮುಳುಗುತ್ತೆ. ರೇಕು ಎಷ್ಟು ತೆಳುವೆಂದರೆ ನೀರಿನ ಮೇಲೆ ಎಣ್ಣೆಯ ಹಾಗೆ ತೇಲಿ ಮೋರಿ ಸೇರುತ್ತೆ. ಹಾಗಾಗಿ ರೇಕಿನ ಕಸವನ್ನು ತೊಳೆಯಬಾರದು, ಸುಡಬೇಕು.

ಕಂಟೋನ್ಮೆಂಟ್, ಕೆ.ಆರ್.ಪುರ ದಾಟಿ ಬಂಗಾರಪೇಟೆ ಮೇಲೆ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಓಡಾಡಿದವರಿಗೆ ಕೆಜಿಎಫ್‌ನ ಬೂದು ದಿಬ್ಬಗಳು ಗೊತ್ತು. 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಆ ಗಣಿಗಳಲ್ಲಿ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸುತ್ತಿದ್ದರು. ಕಣ್ಣಿಗೆ ಕಾಣದ ಚಿನ್ನ ಹಿಡಿಯಲು ಅದು ಒಳ್ಳೆಯ ದಾರಿ, ಆದರೆ ಗಣಿ ಕಂಪನಿಗೆ. ಸೈನೈಡ್‌ಗೆ ಆಸಿಡ್ ತಾಗಿದರೆ ಪ್ರಾಣ ತೆಗೆಯುವ ಅನಿಲ ಏಳುತ್ತೆ. ಗಲ್ಲಿಯೊಳಗಿನ ಅಂಗಡಿಗೆ ಅದು ಬರಲೇಬಾರದು.

ಸಂಸ್ಕರಣೆ ಹೇಗೆ ನಡೆಯುತ್ತೆ

ಅಕ್ಕಸಾಲಿಗರು, ರಿಫೈನರಿಯವರು ಮಾಡುವ ಕೆಲಸದ ಸಾರ ಹೀಗಿದೆ. ಕಸವನ್ನು ಕಬ್ಬಿಣದ ಬಾಣಲೆಯಲ್ಲಿ, ಗಾಳಿ ಬೀಸದ ಜಾಗದಲ್ಲಿ, ನಿಧಾನ ಉರಿಯಲ್ಲಿ ಸುಡುತ್ತಾರೆ. ಕಾಗದ, ಹತ್ತಿ, ಗೋಂದು ಬೂದಿಯಾಗುತ್ತೆ. ಚಿನ್ನ ಕರಗುವುದು 1,064 ಡಿಗ್ರಿಯಲ್ಲಿ, ಬಾಣಲೆಯ ಉರಿಗೆ ಅದು ಹಾಗೇ ಉಳಿಯುತ್ತೆ. ಇಲ್ಲಿ ಆತುರ ಮಾಡಿ ಊದಿದರೆ ಬೂದಿಯ ಜೊತೆ ಚಿನ್ನವೂ ಹಾರುತ್ತೆ. ಆಮೇಲೆ ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರು ತೆಗೆಯುತ್ತಾರೆ.

ಮುಂದಿನದು ಆಸಿಡ್ ಕೆಲಸ. ನೈಟ್ರಿಕ್ ಆಸಿಡ್ ಬೆಳ್ಳಿ, ತಾಮ್ರ, ಹಿತ್ತಾಳೆಯನ್ನು ಕರಗಿಸುತ್ತೆ, ಚಿನ್ನವನ್ನು ಮುಟ್ಟುವುದಿಲ್ಲ. ಆದರೆ ಗಟ್ಟಿಯಲ್ಲಿ ಚಿನ್ನದ ಪಾಲು ಜಾಸ್ತಿ ಇದ್ದರೆ ಒಳಗಿನ ತಾಮ್ರಕ್ಕೂ ಆಸಿಡ್ ತಲುಪದು. ಅದಕ್ಕೇ ಹಳಬರು ಒಂದು ಪಾಲು ಚಿನ್ನಕ್ಕೆ ಮೂರು ಪಾಲು ಬೆಳ್ಳಿ ಸೇರಿಸಿ ಕರಗಿಸಿ, ಆಮೇಲೆ ಆಸಿಡ್‌ಗೆ ಹಾಕುವುದು. ಚಿನ್ನ ತೆಗೆಯಲು ಬೆಳ್ಳಿ ಬೆರೆಸುವುದು ಕೇಳಲು ವಿಚಿತ್ರ, ಆದರೆ ಆ ಬೆಳ್ಳಿ ವಾಪಸ್ ಸಿಗುತ್ತೆ.

ಇನ್ನೊಂದು ದಾರಿ ಅಕ್ವಾ ರೀಜಿಯಾ: ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್. ಇದು ಚಿನ್ನವನ್ನೇ ಕರಗಿಸುತ್ತೆ. ಬೆಳ್ಳಿ ಜಾಸ್ತಿ ಇದ್ದರೆ ಮೇಲೆ ಬಿಳಿ ಪೊರೆ ಕಟ್ಟಿ ಕೆಲಸ ನಿಲ್ಲುತ್ತೆ, ಬೆಳ್ಳಿ ಬೆರೆತ ಹಾಳೆಗೆ ಮೊದಲು ನೈಟ್ರಿಕ್ ಆಗಬೇಕು. ಕರಗಿದ ಹಳದಿ ದ್ರಾವಣವನ್ನು ಸೋಸಿ, ಉಳಿದ ನೈಟ್ರಿಕ್ಕನ್ನು ಕಳೆದು, ಅನ್ನಭೇದಿ ಅಥವಾ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಚಿನ್ನ ತಳಕ್ಕೆ ಬೀಳುತ್ತೆ.

ಬಿದ್ದ ಚಿನ್ನ ಹೊಳೆಯುವುದಿಲ್ಲ. ಕಾಫಿಪುಡಿ ಬಣ್ಣದ ಕೆಸರಿನ ಹಾಗೆ ಇರುತ್ತೆ, ಇದೇನು ಕೊಳೆ ಅಂತ ಚೆಲ್ಲಿ ಆಮೇಲೆ ತಲೆ ಚಚ್ಚಿಕೊಳ್ಳಬೇಕಾದೀತು. ಆ ಕೆಸರನ್ನು ಹಲವು ಸಲ ತೊಳೆದು, ಒಣಗಿಸಿ, ಮೂಸೆಯಲ್ಲಿ ಬಿಳಿಗಾರ ಹಾಕಿ ಕರಗಿಸಿದ ಮೇಲೆಯೇ ಹಳದಿ ಗುಂಡು ಕಾಣುವುದು. ಮೇಲಿನ ನೀರಿನಲ್ಲಿ ಚಿನ್ನ ಉಳಿದಿದೆಯೇ ಅಂತ ನೋಡಲು ಸ್ಟಾನಸ್ ಕ್ಲೋರೈಡ್ ಒಂದು ಹನಿ ಬಿಡುತ್ತಾರೆ. ನೇರಳೆ ಬಣ್ಣ ಬಂದರೆ ಇನ್ನೂ ಇದೆ ಅಂತ.

ಮನೆಯಲ್ಲಿ ಯಾಕೆ ಬೇಡ

ಓದಲು ಸುಲಭವಾಗಿದೆ, ಮಾಡಲು ಹೋದವರ ಶ್ವಾಸಕೋಶಕ್ಕೆ ಸುಲಭವಲ್ಲ. ನೈಟ್ರಿಕ್ ಆಸಿಡ್ ಲೋಹಕ್ಕೆ ತಾಗಿದ ಕೂಡಲೇ ಕಂದು ಹೊಗೆ ಏಳುತ್ತೆ, ಅದು ನೈಟ್ರೋಜನ್ ಡೈಆಕ್ಸೈಡ್. ಇದರ ಕೇಡು ಏನೆಂದರೆ, ಕುಡಿದ ಕೂಡಲೇ ಸ್ವಲ್ಪ ಕೆಮ್ಮು ಬಂದು ಹೋಗುತ್ತೆ, ಮನುಷ್ಯ ಚೆನ್ನಾಗೇ ಇರುತ್ತಾನೆ. ಎಷ್ಟೋ ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತೆ. ಕಂದು ಹೊಗೆ ಒಳಗೆ ಹೋಗಿದ್ದರೆ, ಆರಾಮಾಗಿದ್ದೀನಿ ಅಂತ ಮಲಗದೆ ಆಸ್ಪತ್ರೆಗೆ ಹೋಗಬೇಕು, ಯಾವ ಹೊಗೆ ಅಂತ ಡಾಕ್ಟರಿಗೆ ಹೇಳಬೇಕು. ಹತ್ತು ಅಡಿಯ ಅಂಗಡಿ, ಮೇಲೆ ಮನೆ, ಪಕ್ಕದಲ್ಲಿ ಟೈಲರ್ ಇರುವ ಶಿವಾಜಿನಗರದ ಗಲ್ಲಿಗಳಲ್ಲಿ ಆ ಹೊಗೆ ಪಕ್ಕದವರ ಮನೆಗೂ ಹೋಗುತ್ತೆ.

ಚಿನ್ನದ ದ್ರಾವಣಕ್ಕೆ ಅಮೋನಿಯಾ ಸೇರಿದರೆ ಒಂದು ಪುಡಿ ಉಂಟಾಗುತ್ತೆ. ಒಣಗಿದ ಮೇಲೆ ಅದನ್ನು ತಟ್ಟಿದರೂ ಸಿಡಿಯುತ್ತೆ. ಆಸಿಡ್ ಹುಳಿ ಕಳೆಯಲು ಮನೆಯಲ್ಲಿ ಸಿಕ್ಕ ಕ್ಲೀನರ್ ಸುರಿಯುವವರಿಗೆ ಈ ವಿಷಯ ಯಾವ ವಿಡಿಯೋದಲ್ಲೂ ಹೇಳಿರುವುದಿಲ್ಲ.

ಕಾನೂನೂ ಇದೆ. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ಆಸಿಡ್ ಮಾರುವವರು ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಅಂತ ರಿಜಿಸ್ಟರಿನಲ್ಲಿ ಬರೆಯಬೇಕು, 18 ವರ್ಷದೊಳಗಿನವರಿಗೆ ಕೊಡುವಂತಿಲ್ಲ. ಆಸಿಡ್ ಬಳಸಿ ಚಿನ್ನ ತೆಗೆಯುವುದನ್ನು ಕಸುಬಾಗಿ ಮಾಡುವವರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಉಳಿದ ನೀಲಿ, ಹಸಿರು ನೀರಿನಲ್ಲಿ ತಾಮ್ರ, ಆಸಿಡ್ ತುಂಬಿರುತ್ತೆ. ಹಲಸೂರು, ಇಂದಿರಾನಗರದ ಮೋರಿಗೆ ಸುರಿದದ್ದು ರಾಜಕಾಲುವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗೇ ಹೋಗುವುದು. ಆ ಕೆರೆಗಳಿಗೆ ಈಗಿರುವ ವಿಷವೇ ಸಾಕು.

ಕೆ.ಆರ್.ಪುರ ಕಡೆಯ ಗುಜರಿ ಅಂಗಡಿಗಳಿಗೂ ಇದೇ ಮಾತು. ಹಳೇ ಕಂಪ್ಯೂಟರ್ ಬೋರ್ಡ್‌ಗಳಲ್ಲಿ ಚಿನ್ನದ ಲೇಪ ಇರುವುದು ನಿಜ, ಆದರೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಸಂಸ್ಕರಿಸುವವರು ನೋಂದಣಿ ಮಾಡಿಸಿರಲೇಬೇಕು. ಬೋರ್ಡ್ ಸುಟ್ಟರೆ ಬರುವ ಹೊಗೆ ರೇಕಿನ ಕಾಗದ ಸುಟ್ಟ ಹೊಗೆಯಂಥದ್ದಲ್ಲ.

ರಿಫೈನರಿಗೆ ಕೊಡುವಾಗ

ಕಸ ಕೊಡುವವರಿಗೂ ಕೊಳ್ಳುವವರಿಗೂ ಜಗಳ ಬರುವುದು ‘ಟಚ್’ ವಿಷಯದಲ್ಲಿ. ಟಚ್ ಅಂದರೆ ನೂರಕ್ಕೆ ಎಷ್ಟು ಪಾಲು ಚಿನ್ನ ಅಂತ. 22 ಕ್ಯಾರೆಟ್ ಅಂದರೆ 91.6 ಟಚ್. ಒರೆಗಲ್ಲಿನ ಮೇಲೆ ಉಜ್ಜಿ ನೋಡಿ ಹೇಳುವ ಅನುಭವಿಗಳು ಇದ್ದಾರೆ, ಆದರೆ ಅದು ಅಂದಾಜು. ಅಂಗಡಿಗಳ ಕ್ಯಾರೆಟ್ ಮೀಟರ್ ಎಕ್ಸ್‌ರೇ ಬಿಟ್ಟು ಮೇಲ್ಮೈ ಅಳೆಯುತ್ತೆ. ಲೇಪ ಇರುವ ವಸ್ತುವಿಗೆ ಅದು ತಪ್ಪು ಲೆಕ್ಕ ಕೊಡಬಹುದು, ಕೆಲವೊಮ್ಮೆ ಕೊಡುವವರಿಗೆ ನಷ್ಟ, ಕೆಲವೊಮ್ಮೆ ಕೊಳ್ಳುವವರಿಗೆ. ಕಸವನ್ನು ಕರಗಿಸಿ, ಮೂಸೆಯಲ್ಲಿ ಚೆನ್ನಾಗಿ ಕಲಕಿ, ಗಟ್ಟಿ ಮಾಡಿದ ಮೇಲೆ ಅಳೆಸಿದರೇ ಸರಿ.

ಎಲ್ಲಕ್ಕಿಂತ ನಂಬಬಹುದಾದದ್ದು ಬೆಂಕಿಯ ಪರೀಕ್ಷೆ, ಫೈರ್ ಅಸ್ಸೇ. ಚೂರು ಮಾದರಿಯನ್ನು ಬೆಳ್ಳಿ, ಸೀಸದ ಜೊತೆ ಸಣ್ಣ ಬಟ್ಟಲಿನಲ್ಲಿ ಕುಲುಮೆಗೆ ಇಡುತ್ತಾರೆ. ಕರಗಿದ ಸೀಸ ತಾಮ್ರ ಮೊದಲಾದ ಕಲಬೆರಕೆಯನ್ನು ಎಳೆದುಕೊಂಡು ಬಟ್ಟಲಿಗೇ ಇಂಗಿಹೋಗುತ್ತೆ. ಉಳಿದ ಮಣಿಯನ್ನು ನೈಟ್ರಿಕ್‌ನಲ್ಲಿ ಕುದಿಸಿ ಬೆಳ್ಳಿ ಕಳೆದು, ಚಿನ್ನ ತೂಗುತ್ತಾರೆ. ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ಈ ವ್ಯವಸ್ಥೆ ಇರುತ್ತೆ. ಗಟ್ಟಿಯ ಮಾದರಿ ತೆಗೆದುಕೊಳ್ಳುತ್ತಾರೆಯೇ, ಶುಲ್ಕ ಎಷ್ಟು ಅಂತ ಮೊದಲೇ ವಿಚಾರಿಸಿ ಹೋಗಿ.

ರಿಫೈನರಿಯ ಬಾಗಿಲಲ್ಲಿ ಕೇಳಬೇಕಾದ್ದು ಇಷ್ಟು: ಸುಡುವ ಮೊದಲಿನ ತೂಕ, ಕರಗಿಸಿದ ಮೇಲಿನ ತೂಕ, ಟಚ್, ಈ ಮೂರೂ ಚೀಟಿಯಲ್ಲಿ ಬರಬೇಕು. ಕರಗಿಸುವಾಗ ಎದುರಿಗೇ ನಿಲ್ಲಲು ಬಿಡಬೇಕು. ಕೂಲಿ ಹಣದಲ್ಲೋ, ಚಿನ್ನದಲ್ಲಿ ಮುರಿದುಕೊಳ್ಳುವುದೋ ಅಂತ ಮೊದಲೇ ತೀರ್ಮಾನ ಆಗಬೇಕು. ‘ಸವಕಳಿ’ ಅಂತ ಕೊನೆಯಲ್ಲಿ ಕಳೆಯುವ ಲೆಕ್ಕಕ್ಕೆ ಒಪ್ಪಬೇಡಿ. ಬಳಸಿದ ಮೂಸೆ, ಬಿಳಿಗಾರದ ಕಿಟ್ಟದಲ್ಲಿ ಹತ್ತಿಕೊಂಡ ಚಿನ್ನ ಯಾರದ್ದು ಅಂತಲೂ ಕೇಳಿ. ಕೇಳಿದವರಿಗೆ ಸಿಗುತ್ತೆ, ಕೇಳದವರದ್ದು ಅಲ್ಲೇ ಉಳಿಯುತ್ತೆ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಚಿನ್ನದ ಕಸ ಮಾರಿದರೆ ಅದಕ್ಕೂ ಚಿನ್ನದ ಹಾಗೆ ಶೇ 3 ತೆರಿಗೆ, ಬಿಲ್ ಹರಿಯಲೇಬೇಕು.

ಹಳೇ ಜರಿ ಸೀರೆ

ಅಸಲಿ ಜರಿಯೂ ರೇಕಿನ ಅಣ್ಣತಮ್ಮನೇ: ರೇಷ್ಮೆ ದಾರಕ್ಕೆ ಬೆಳ್ಳಿ ಎಳೆ ಸುತ್ತಿ, ಮೇಲೆ ಚಿನ್ನದ ಲೇಪ. ಸರ್ಕಾರಿ ಕೆಎಸ್‌ಐಸಿ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಬೆಳ್ಳಿ ಶೇ 65, ಚಿನ್ನ ಶೇ 0.65. ಅಂದರೆ 100 ಗ್ರಾಂ ಜರಿಯಲ್ಲಿ 65 ಗ್ರಾಂ ಬೆಳ್ಳಿ, ಒಂದು ಗ್ರಾಂಗಿಂತ ಕಡಿಮೆ ಚಿನ್ನ. ‘ಹಳೇ ರೇಷ್ಮೆ ಸೀರೆ ಕೊಳ್ತೀವಿ’ ಅಂತ ಬೀದಿಯಲ್ಲಿ ಕೂಗುತ್ತಾ ಬರುವವರು ಕೊಳ್ಳುವುದು ಸೀರೆಯನ್ನಲ್ಲ, ಈ ಬೆಳ್ಳಿಯನ್ನು. ಅವರು ಸೀರೆಗೆ ಇಷ್ಟು ಅಂತ ಚೌಕಾಸಿ ಮಾಡುತ್ತಾರೆ, ತೂಕದ ಮಾತೇ ಎತ್ತುವುದಿಲ್ಲ. ಅಂಚಿನಿಂದ ಒಂದು ಎಳೆ ಬಿಡಿಸಿ ಸುಟ್ಟು ನೋಡಿ: ಅಸಲಿ ಜರಿ ಬೆಳ್ಳಗಿನ ಲೋಹ ಉಳಿಸುತ್ತೆ, ತಾಮ್ರದ ಜರಿ ಕಪ್ಪು ಕೆಂಪಾಗುತ್ತೆ, ಪ್ಲಾಸ್ಟಿಕ್ ಜರಿ ಮುದ್ದೆಯಾಗಿ ವಾಸನೆ ಬರುತ್ತೆ. ಅಸಲಿಯಾದರೆ ಬಾರ್ಡರ್, ಸೆರಗು ಕತ್ತರಿಸಿ ತೂಗಿಸಿ, ಬೆಳ್ಳಿಯ ದರ ನೋಡಿಕೊಂಡು ಮಾತಾಡಿ.

ಬಾಗಿಲಿಗೆ ಬರುವ ‘ಪಾಲಿಶ್’

ಚಿನ್ನ ಕರಗಿಸುವ ಇದೇ ವಿದ್ಯೆಯಿಂದ ನಡೆಯುವ ಮೋಸವೂ ಒಂದಿದೆ. ಮಧ್ಯಾಹ್ನ ಹೆಂಗಸರು, ವಯಸ್ಸಾದವರು ಮಾತ್ರ ಇರುವ ಹೊತ್ತಿಗೆ ‘ಅಮ್ಮಾ, ಪಾತ್ರೆ ಪೌಡರ್ ಕಂಪನಿಯಿಂದ ಬಂದಿದ್ದೀವಿ, ಚಿನ್ನನೂ ಫಳಫಳ ಮಾಡ್ಕೊಡ್ತೀವಿ’ ಅಂತ ಬರುತ್ತಾರೆ. ಹಿತ್ತಾಳೆ ಚೊಂಬು, ಬೆಳ್ಳಿ ಕಾಲ್ಗೆಜ್ಜೆ ತಿಕ್ಕಿ ನಂಬಿಕೆ ಹುಟ್ಟಿಸಿ, ಸರವನ್ನು ದ್ರಾವಣದಲ್ಲಿ ಅದ್ದುತ್ತಾರೆ. ಸರ ಹೊಳೆಯುತ್ತಲೇ ವಾಪಸ್ ಬರುತ್ತೆ. ತೂಕ ಮಾತ್ರ ಇಳಿದಿರುತ್ತೆ, ಏಕೆಂದರೆ ಆ ದ್ರಾವಣ ಅಕ್ವಾ ರೀಜಿಯಾ. ಕೆಲವು ಸಲ ಸರವನ್ನು ಅರಿಶಿನ ನೀರಿನಲ್ಲಿಟ್ಟು ‘ಕಾಲು ಗಂಟೆ ತೆಗೀಬೇಡಿ’ ಅಂತ ಹೇಳಿ ಜಾಗ ಖಾಲಿ ಮಾಡುತ್ತಾರೆ.

ಅಂಥ ಕಡೆ ಗೊತ್ತಿರಬೇಕಾದ ಒಂದು ಸಂಗತಿ: ಕರಗಿದ ಚಿನ್ನ ಎಲ್ಲೂ ಹೋಗಿರುವುದಿಲ್ಲ, ಆ ಬಟ್ಟಲಿನಲ್ಲೇ ಇರುತ್ತೆ. ಅವರು ದ್ರಾವಣ ಹೊತ್ತುಕೊಂಡು ಹೋಗುವುದೂ ಅದಕ್ಕೇ. ಅನುಮಾನ ಬಂದರೆ ಕೂಗಿ ಅಕ್ಕಪಕ್ಕದವರನ್ನು ಸೇರಿಸಿ, 112ಕ್ಕೆ ಫೋನ್ ಮಾಡಿ. ಬಟ್ಟಲು ಅಲ್ಲೇ ಉಳಿದಿದ್ದರೆ ಕೈ ಹಾಕಬೇಡಿ, ಮೂಸಬೇಡಿ, ಸಿಂಕಿಗೆ ಚೆಲ್ಲಬೇಡಿ. ಗಾಜಿನ ತಟ್ಟೆ ಮುಚ್ಚಿ, ಮಕ್ಕಳ ಕೈಗೆ ಸಿಗದ ಹಾಗೆ ಕಿಟಕಿ ತೆರೆದ ಜಾಗದಲ್ಲಿಟ್ಟು ಪೊಲೀಸರಿಗೆ ತೋರಿಸಿ. ಅದೇ ಸಾಕ್ಷಿ, ಕರಗಿದ ಚಿನ್ನವೂ ಅದರಲ್ಲೇ. ಸರದ ಹಳೇ ಬಿಲ್ ಇದ್ದರೆ ಮೊದಲಿನ ತೂಕ ಅದರಲ್ಲಿರುತ್ತೆ, ಅದನ್ನೂ ಜೊತೆಗಿಡಿ.